ಚಿಂಪಾಂಜಿ ಕೈಗೆ ಬಂದೂಕು, ಬಾಯಿಗೆ ಮಾತು: ‘ಪ್ಲಾನೆಟ್ ಆಫ್ ದಿ ಏಪ್ಸ್’ ಸಿನಿಮಾದಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು?

ವಾಟ್ಸ್ಆ್ಯಪ್ ಗುಂಪುಗಳಿಗೆ ಆಗಾಗ ಬಂದುಹೋಗುವ ಒಂದು ವಿಡಿಯೊ ಇದೆ. ನೀವೂ ನೋಡಿರಬಹುದು. ಕೆಲವು ಸೈನಿಕರು ಕಾಡಿನ ಅಂಚಿನಲ್ಲಿ ನಗುತ್ತಾ ಹರಟುತ್ತಿರುತ್ತಾರೆ. ಪಕ್ಕದಲ್ಲೇ ಒಂದು ಚಿಂಪಾಂಜಿ. ಒಬ್ಬ ತಮಾಷೆಗೆಂದು ತನ್ನ ಎಕೆ-47 ಬಂದೂಕನ್ನು ಅದರ ಕೈಗೆ ಕೊಡುತ್ತಾನೆ. ಅದು ಗುಂಡು ಹಾರಿಸಲು ಶುರುಮಾಡುತ್ತದೆ. ಸೈನಿಕರು ದಿಕ್ಕಾಪಾಲಾಗಿ ಓಡುತ್ತಾರೆ.

ಈ ಘಟನೆ ನಡೆದೇ ಇಲ್ಲ. 2011ರಲ್ಲಿ ‘ರೈಸ್ ಆಫ್ ದಿ ಪ್ಲಾನೆಟ್ ಆಫ್ ದಿ ಏಪ್ಸ್’ ಸಿನಿಮಾದ ಪ್ರಚಾರಕ್ಕಾಗಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿಯೇ ತಯಾರಿಸಿ ಅಂತರ್ಜಾಲಕ್ಕೆ ಬಿಟ್ಟ ತುಣುಕು ಅದು. ಮೂಲ ವಿಡಿಯೊದಲ್ಲಿ ಕಂಪನಿಯ ಹೆಸರೂ ಇತ್ತು. ಆ ಹೆಸರು ಬರುವ ಕೆಲವು ಕ್ಷಣಗಳನ್ನು ಕತ್ತರಿಸಿಬಿಟ್ಟರೆ ಸಾಕು, ಉಳಿದದ್ದು ಯಾರೋ ಮೊಬೈಲಿನಲ್ಲಿ ಸೆರೆಹಿಡಿದ ನಿಜ ಘಟನೆಯಂತೆಯೇ ಕಾಣುತ್ತದೆ.

ಮೂರು ವರ್ಷಗಳ ನಂತರ, 2014ರಲ್ಲಿ, ಇದರ ಮುಂದಿನ ಭಾಗ ‘ಡಾನ್ ಆಫ್ ದಿ ಪ್ಲಾನೆಟ್ ಆಫ್ ದಿ ಏಪ್ಸ್’ ಬಂತು. ಮ್ಯಾಟ್ ರೀವ್ಸ್ ನಿರ್ದೇಶನದ ಈ ಸಿನಿಮಾ ಜಗತ್ತಿನಾದ್ಯಂತ 70 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಆಮೇಲೆ 2017ರಲ್ಲಿ ‘ವಾರ್’, 2024ರಲ್ಲಿ ‘ಕಿಂಗ್‌ಡಮ್’ ಬಂದವು. ಒಂದೊಂದು ಸಿನಿಮಾ ಬಂದಾಗಲೂ ಅದರ ಹಿಂದೆಯೇ ಪ್ರಶ್ನೆಗಳೂ ಫಾರ್ವರ್ಡ್‌ಗಳೂ ಬರುತ್ತವೆ. ವೈರಸ್‌ನಿಂದ ಪ್ರಾಣಿಗಳ ಬುದ್ಧಿ ಹೆಚ್ಚಿಸಬಹುದೇ? ಚಿಂಪಾಂಜಿಗೆ ಮಾತು ಕಲಿಸಬಹುದೇ? ವಿಜ್ಞಾನಿಗಳು ಗುಟ್ಟಾಗಿ ಇಂಥದ್ದನ್ನು ಮಾಡುತ್ತಿದ್ದಾರೆಯೇ? ಮಂಗಗಳಿಂದ ಬರುವ ಕಾಯಿಲೆ ನಮ್ಮನ್ನು ಮುಗಿಸಿಬಿಡುತ್ತದೆಯೇ?

ಚುಟುಕು ಉತ್ತರ ಇಷ್ಟು: ಸಿನಿಮಾದ ಚಿಂಪಾಂಜಿಗಳು ಮಾಡುವ ಕೆಲವು ಕೆಲಸಗಳನ್ನು ನಿಜವಾದ ಚಿಂಪಾಂಜಿಗಳೂ ಮಾಡುತ್ತವೆ. ಆದರೆ ಔಷಧಿ ಕೊಟ್ಟು ಅವನ್ನು ಮಾತನಾಡುವ ಸೈನಿಕರನ್ನಾಗಿ ಮಾಡಲು ಸಾಧ್ಯವಿಲ್ಲ. ಕೊನೆಯ ಪ್ರಶ್ನೆಗೆ ಮಾತ್ರ ಸ್ವಲ್ಪ ನಿಧಾನವಾಗಿ ಉತ್ತರಿಸಬೇಕು. ಏಕೆಂದರೆ ಅದು ನಮ್ಮ ಮಲೆನಾಡಿನ ಅಂಗಳಕ್ಕೇ ಬಂದು ನಿಲ್ಲುವ ವಿಷಯ.

ಮೊದಲು ಕಥೆ ಏನು?

ಮೊದಲ ಭಾಗದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಒಬ್ಬ ವಿಜ್ಞಾನಿ ಆಲ್‌ಝೈಮರ್ ಮರೆವಿನ ಕಾಯಿಲೆಗೆ ಔಷಧಿ ಹುಡುಕುತ್ತಿರುತ್ತಾನೆ. ಔಷಧಿಯನ್ನು ಮಿದುಳಿಗೆ ಮುಟ್ಟಿಸಲು ವೈರಸ್ ಬಳಸುತ್ತಾನೆ. ಅದನ್ನು ಚಿಂಪಾಂಜಿಗಳ ಮೇಲೆ ಪ್ರಯೋಗಿಸಿದಾಗ ಅವುಗಳ ಬುದ್ಧಿ ಚುರುಕಾಗುತ್ತದೆ. ಔಷಧಿ ಪಡೆದ ತಾಯಿಗೆ ಹುಟ್ಟಿದ ಮರಿಯೇ ಸೀಸರ್. ಮುಂದೆ ಅದೇ ಔಷಧಿಯ ಇನ್ನೊಂದು ರೂಪ ಹೊರಗೆ ಹರಡುತ್ತದೆ. ಅದು ಚಿಂಪಾಂಜಿಗಳಿಗೆ ವರ, ಮನುಷ್ಯರಿಗೆ ಸಾವು.

‘ಡಾನ್’ ಶುರುವಾಗುವುದು ಇದಾಗಿ ಸುಮಾರು ಹತ್ತು ವರ್ಷಗಳ ನಂತರ. ಬದುಕುಳಿದ ಕೆಲವೇ ಜನ ಪಾಳುಬಿದ್ದ ನಗರದಲ್ಲಿದ್ದಾರೆ. ಸೀಸರ್‌ನ ಗುಂಪು ಕಾಡಿನಲ್ಲಿದೆ. ಜನರಿಗೆ ವಿದ್ಯುತ್ ಬೇಕು. ಅದಕ್ಕೆ ಬೇಕಾದ ಅಣೆಕಟ್ಟು ಕಾಡಿನೊಳಗಿದೆ. ಎರಡೂ ಕಡೆ ಶಾಂತಿ ಬಯಸುವವರಿದ್ದಾರೆ, ಎರಡೂ ಕಡೆ ದ್ವೇಷ ಸಾಧಿಸುವವರಿದ್ದಾರೆ. ಪ್ರಯೋಗಾಲಯದಲ್ಲಿ ಚಿತ್ರಹಿಂಸೆ ಅನುಭವಿಸಿದ್ದ ಕೋಬಾ ಎಂಬ ವಾನರ ಕಾವಲಿನವರ ಮುಂದೆ ಪೆದ್ದನಂತೆ ನಟಿಸಿ, ಅವರನ್ನು ನಗಿಸಿ, ಅವರದೇ ಬಂದೂಕು ಕಸಿದು ಅವರನ್ನೇ ಕೊಲ್ಲುತ್ತಾನೆ. ಎಕೆ-47 ಫಾರ್ವರ್ಡ್ ನೋಡಿದವರಿಗೆ ಈ ದೃಶ್ಯ ಎಲ್ಲೋ ನೋಡಿದಂತೆ ಅನಿಸುವುದು ಸಹಜ.

ಈ ಸಿನಿಮಾದ ಒಂದೇ ಒಂದು ವಾನರವೂ ನಿಜವಾದ ಪ್ರಾಣಿಯಲ್ಲ. ಮೈಗಂಟಿದ ವಿಶೇಷ ಉಡುಪು ತೊಟ್ಟ ನಟರು ಅಭಿನಯಿಸಿದರು. ಮುಖದ ಒಂದೊಂದು ಸ್ನಾಯುವಿನ ಚಲನೆಯನ್ನೂ ಪುಟ್ಟ ಕ್ಯಾಮೆರಾ ದಾಖಲಿಸಿಕೊಂಡಿತು. ನ್ಯೂಜಿಲೆಂಡಿನ ವೇಟಾ ಡಿಜಿಟಲ್ ಸಂಸ್ಥೆ ಅದರ ಮೇಲೆ ಕಂಪ್ಯೂಟರಿನಲ್ಲಿ ಕೂದಲು, ಚರ್ಮ, ಕಣ್ಣು ಕೂರಿಸಿತು. ಸೀಸರ್ ಆಗಿ ನಟಿಸಿದವರು ಆ್ಯಂಡಿ ಸರ್ಕಿಸ್.

‘ಅವು ಮಂಗಗಳು ತಾನೇ?’ ಅಲ್ಲ

ಕನ್ನಡದಲ್ಲಿ ನಾವು ಎಲ್ಲವನ್ನೂ ಮಂಗ, ಕೋತಿ, ಕಪಿ ಎಂದುಬಿಡುತ್ತೇವೆ. ವಿಜ್ಞಾನದಲ್ಲಿ ಎರಡು ಗುಂಪುಗಳಿವೆ. ನಮ್ಮ ಊರಿನ ಕೋತಿ, ಕಪ್ಪು ಮುಖದ ಮುಸುವ, ಪಶ್ಚಿಮ ಘಟ್ಟದ ಸಿಂಗಳೀಕ ಇವೆಲ್ಲ ಮಂಗಗಳು. ಸಾಮಾನ್ಯವಾಗಿ ಇವಕ್ಕೆ ಬಾಲ ಇರುತ್ತದೆ. ಚಿಂಪಾಂಜಿ, ಬೊನೊಬೊ, ಗೊರಿಲ್ಲಾ, ಒರಾಂಗುಟಾನ್, ಗಿಬ್ಬನ್ ಇವು ಬಾಲವಿಲ್ಲದ ವಾನರಗಳು. ಸಿನಿಮಾದ ಹೆಸರಿನಲ್ಲಿರುವ ‘ಏಪ್ಸ್’ ಎಂದರೆ ಇವು. ಭಾರತದಲ್ಲಿ ಇರುವ ಬಾಲವಿಲ್ಲದ ವಾನರ ಹೂಲಾಕ್ ಗಿಬ್ಬನ್ ಮಾತ್ರ, ಅದೂ ಈಶಾನ್ಯ ರಾಜ್ಯಗಳ ಕಾಡುಗಳಲ್ಲಿ. ಕರ್ನಾಟಕದ ಯಾವ ಕಾಡಿನಲ್ಲೂ ಚಿಂಪಾಂಜಿಯೂ ಇಲ್ಲ, ಗೊರಿಲ್ಲಾವೂ ಇಲ್ಲ. ‘ನಮ್ಮ ಘಟ್ಟದಲ್ಲಿ ಕಂಡ ಗೊರಿಲ್ಲಾ’ ಎಂಬ ವಿಡಿಯೊ ಬಂದರೆ ಅಲ್ಲಿಗೇ ನಿಲ್ಲಿಸಿ.

ಇದರ ಜೊತೆಗೆ ಬರುವ ಇನ್ನೊಂದು ಜನಪ್ರಿಯ ಸವಾಲು: ‘ಮಂಗನಿಂದ ಮಾನವ ಬಂದಿದ್ದರೆ ಈಗಿನ ಮಂಗಗಳೇಕೆ ಮನುಷ್ಯರಾಗುತ್ತಿಲ್ಲ?’ ನೀವು ನಿಮ್ಮ ಚಿಕ್ಕಪ್ಪನ ಮಗನಿಂದ ಹುಟ್ಟಿದವರಲ್ಲ. ಇಬ್ಬರಿಗೂ ಒಬ್ಬರೇ ತಾತ. ಹಾಗೆಯೇ ಮನುಷ್ಯ ಈಗಿನ ಚಿಂಪಾಂಜಿಯಿಂದ ಬಂದವನಲ್ಲ. ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ ಬದುಕಿದ್ದ ಒಂದು ಪೂರ್ವಜ ಜೀವಿಯಿಂದ ಎರಡು ಕವಲು ಒಡೆದವು. ಒಂದು ಕವಲಿನ ತುದಿಯಲ್ಲಿ ನಾವಿದ್ದೇವೆ, ಇನ್ನೊಂದರ ತುದಿಯಲ್ಲಿ ಚಿಂಪಾಂಜಿ ಮತ್ತು ಬೊನೊಬೊ. ಚಿಂಪಾಂಜಿ ‘ಅರ್ಧ ದಾರಿಯಲ್ಲಿ ನಿಂತ ಮನುಷ್ಯ’ ಅಲ್ಲ. ನಮ್ಮಷ್ಟೇ ದೂರ ತನ್ನ ದಾರಿಯಲ್ಲಿ ನಡೆದು ಬಂದ ಪ್ರಾಣಿ.

‘98 ಭಾಗ ಮನುಷ್ಯನೇ’ ಎಂಬ ಲೆಕ್ಕ

ಚಿಂಪಾಂಜಿಯ ಡಿಎನ್‌ಎ ನಮ್ಮದಕ್ಕೆ ಶೇ. 98ಕ್ಕೂ ಹೆಚ್ಚು ಹೋಲುತ್ತದೆ, ಆದ್ದರಿಂದ ಸ್ವಲ್ಪ ತಿದ್ದಿದರೆ ಮನುಷ್ಯನೇ ಆಗಿಬಿಡುತ್ತದೆ ಎಂಬ ವಾದ ಕೇಳಿರುತ್ತೀರಿ. ಈ ಸಂಖ್ಯೆ ಸುಳ್ಳಲ್ಲ. 2005ರಲ್ಲಿ ಚಿಂಪಾಂಜಿಯ ಜೀನೋಮ್ ಓದಿ ಮುಗಿಸಿದಾಗ, ಅಕ್ಷರಕ್ಕೆ ಅಕ್ಷರ ಹೋಲಿಸಬಹುದಾದ ಭಾಗಗಳಲ್ಲಿ ವ್ಯತ್ಯಾಸ ಶೇ. 1.2ರಷ್ಟು ಮಾತ್ರ ಕಂಡುಬಂತು. ಆದರೆ ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅದರ ಶೇ. 1.2 ಎಂದರೆ ಸುಮಾರು ಮೂರೂವರೆ ಕೋಟಿ ವ್ಯತ್ಯಾಸಗಳು. ಇದರ ಮೇಲೆ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ತುಣುಕುಗಳು 50 ಲಕ್ಷದಷ್ಟು.

ಇವುಗಳಲ್ಲಿ ಹೆಚ್ಚಿನವು ಏನನ್ನೂ ಬದಲಿಸುವುದಿಲ್ಲ. ಕೆಲವು ಮಾತ್ರ ಮಿದುಳು ಎಷ್ಟು ಕಾಲ ಬೆಳೆಯಬೇಕು, ಯಾವ ಜೀನ್ ಯಾವಾಗ ಕೆಲಸ ಶುರುಮಾಡಬೇಕು ಎಂಬುದನ್ನು ಬದಲಿಸುತ್ತವೆ. ಅಡುಗೆಯಲ್ಲಿ ಸಾಮಾನು ಅದೇ ಇದ್ದರೂ ಉಪ್ಪು ಎಷ್ಟು, ಉರಿ ಎಷ್ಟು, ಯಾವುದು ಮೊದಲು ಎಂಬುದು ಬದಲಾದರೆ ಆಗುವ ಪದಾರ್ಥವೇ ಬೇರೆ. ಹಾಗಾಗಿ ‘ಒಂದು ಜೀನ್ ತಿದ್ದಿದರೆ ಸಾಕು’ ಎಂಬುದು ಸಿನಿಮಾಕ್ಕೆ ಸರಿ, ಜೀವಶಾಸ್ತ್ರಕ್ಕೆ ಅಲ್ಲ.

ವೈರಸ್ ಮೂಲಕ ಔಷಧಿ: ಇದು ನಿಜ

ಸಿನಿಮಾದಲ್ಲಿ ಅತಿ ವಿಚಿತ್ರ ಎನಿಸುವ ಈ ಭಾಗಕ್ಕೆ ನಿಜವಾದ ವಿಜ್ಞಾನದ ಬುನಾದಿ ಇದೆ. ಎಸ್‌ಎಂಎ ಎಂಬ ಸ್ನಾಯು ದೌರ್ಬಲ್ಯದ ಕಾಯಿಲೆ ಇರುವ ಪುಟ್ಟ ಮಕ್ಕಳಿಗಾಗಿ ‘16 ಕೋಟಿ ರೂಪಾಯಿಯ ಚುಚ್ಚುಮದ್ದು ಬೇಕಿದೆ, ನೆರವಾಗಿ’ ಎಂಬ ಮನವಿಗಳು ನಿಮ್ಮ ಫೋನಿಗೂ ಬಂದಿರಬಹುದು. ಆ ಔಷಧಿಯ ಹೆಸರು ಝೋಲ್ಜೆನ್ಸ್ಮಾ. 2019ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಅದು ಕೆಲಸ ಮಾಡುವುದು ಹೀಗೆ: ರೋಗ ತರದ ಒಂದು ವೈರಸ್‌ನ ಒಳಗಿನ ಸರಕನ್ನು ತೆಗೆದು, ಮಗುವಿನಲ್ಲಿ ಇಲ್ಲದ ಜೀನನ್ನು ತುಂಬುತ್ತಾರೆ. ವೈರಸ್ ಟೆಂಪೋದಂತೆ ಆ ಜೀನನ್ನು ನರಕೋಶಗಳಿಗೆ ತಲುಪಿಸುತ್ತದೆ.

ಹಾಗಾದರೆ ಸಿನಿಮಾ ಎಲ್ಲಿ ದಾರಿ ತಪ್ಪುತ್ತದೆ? ಮೂರು ಕಡೆ.

ಒಂದು, ಹರಡುವಿಕೆ. ಚಿಕಿತ್ಸೆಗೆ ಬಳಸುವ ವೈರಸ್ ತನ್ನನ್ನು ತಾನು ಹೆಚ್ಚಿಸಿಕೊಳ್ಳಲು ಬೇಕಾದ ಭಾಗಗಳನ್ನು ಮೊದಲೇ ಕಿತ್ತುಹಾಕಿರುತ್ತಾರೆ. ಸರಕು ಇಳಿಸಿದ ಮೇಲೆ ಅದರ ಕೆಲಸ ಮುಗಿಯಿತು. ಚಿಕಿತ್ಸೆ ಪಡೆದ ಮಗುವಿನಿಂದ ಪಕ್ಕದ ಮನೆಯ ಮಗುವಿಗೆ ಅದು ಹರಡಿ ಸಾಂಕ್ರಾಮಿಕವಾಗುವುದಿಲ್ಲ.

ಎರಡು, ಸಮಯ. ಮಿದುಳಿನ ಗಾತ್ರವೂ ಅದರ ಮೂಲ ಜೋಡಣೆಯೂ ರೂಪುಗೊಳ್ಳುವುದು ಹೆಚ್ಚಾಗಿ ಗರ್ಭದಲ್ಲಿ ಮತ್ತು ಬಾಲ್ಯದಲ್ಲಿ. ಬೆಳೆದ ಚಿಂಪಾಂಜಿಗೆ ಹೊಗೆ ಊದಿ ರಾತ್ರೋರಾತ್ರಿ ಹೊಸ ಮಿದುಳು ಕೊಡಲಾಗದು. ಕಟ್ಟಿ ಮುಗಿಸಿದ ಮನೆಗೆ ಬಣ್ಣ ಬಳಿಯಬಹುದು, ಪಾಯ ಬದಲಿಸಲಾಗದು.

ಮೂರು, ಬುದ್ಧಿ ಎಂಬುದು ಒಂದೇ ಜೀನಿನ ಕೆಲಸವಲ್ಲ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಚಿಂಪಾಂಜಿಯಲ್ಲಿ ಇದರ ಮೂರನೇ ಒಂದು ಭಾಗದಷ್ಟು. ಆದರೆ ಬರೀ ಸಂಖ್ಯೆ ಹೆಚ್ಚಿದ್ದರೂ ಸಾಲದು. ಆಫ್ರಿಕದ ಆನೆಯ ಮಿದುಳಿನಲ್ಲಿ ಸುಮಾರು 25,700 ಕೋಟಿ ನರಕೋಶಗಳಿವೆ, ನಮ್ಮ ಮೂರರಷ್ಟು. ಅವುಗಳಲ್ಲಿ ಶೇ. 98ರಷ್ಟು ಇರುವುದು ಚಲನೆಯನ್ನು ನಿಯಂತ್ರಿಸುವ ಹಿಂಭಾಗದ ಕಿರುಮಿದುಳಿನಲ್ಲಿ. ಎಷ್ಟು ನರಕೋಶ, ಎಲ್ಲಿ, ಯಾವುದರ ಜೊತೆ ಜೋಡಣೆ ಎಂಬ ಮೂರೂ ಕೂಡಿದರೆ ಮಾತ್ರ ಬುದ್ಧಿ.

ವಿಜ್ಞಾನಿಗಳು ಪ್ರಯತ್ನಿಸಿಲ್ಲವೇ?

ಪ್ರಯತ್ನಿಸಿದ್ದಾರೆ, ಗುಟ್ಟಾಗಿ ಅಲ್ಲ. 2019ರಲ್ಲಿ ಚೀನಾದ ವಿಜ್ಞಾನಿಗಳು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಒಂದು ಮಾನವ ಜೀನನ್ನು ರೀಸಸ್ ಕೋತಿಗಳಿಗೆ ಸೇರಿಸಿದ ಪ್ರಯೋಗವನ್ನು ಪ್ರಕಟಿಸಿದರು. ಹುಟ್ಟಿದ ಹನ್ನೊಂದರಲ್ಲಿ ಐದು ಮಾತ್ರ ಉಳಿದವು. ಅವು ಅಲ್ಪಾವಧಿ ನೆನಪಿನ ಪರೀಕ್ಷೆಗಳಲ್ಲಿ ಸ್ವಲ್ಪ ಉತ್ತಮವಾಗಿ ಮಾಡಿದವು. ಮಿದುಳು ದೊಡ್ಡದಾಗಲಿಲ್ಲ. ಇಂಥ ಪ್ರಯೋಗ ಮಾಡುವುದು ಸರಿಯೇ ಎಂದು ಜಗತ್ತಿನ ಹಲವು ವಿಜ್ಞಾನಿಗಳು ಬಹಿರಂಗವಾಗಿಯೇ ಪ್ರಶ್ನಿಸಿದರು.

2020ರಲ್ಲಿ ಜರ್ಮನಿ ಮತ್ತು ಜಪಾನಿನ ತಂಡವೊಂದು ಮನುಷ್ಯರಲ್ಲಿ ಮಾತ್ರ ಇರುವ ಮತ್ತೊಂದು ಜೀನನ್ನು ಮಾರ್ಮೊಸೆಟ್ ಎಂಬ ಪುಟ್ಟ ಮಂಗದ ಭ್ರೂಣಗಳಿಗೆ ಸೇರಿಸಿತು. ಮಿದುಳಿನ ಹೊರಪದರ ಹಿಗ್ಗಿತು, ಮಡಿಕೆಗಳು ಮೂಡಿದವು. ಆದರೆ ಭ್ರೂಣಗಳನ್ನು ಹುಟ್ಟಲು ಬಿಡಲಿಲ್ಲ. ಅವು ಹುಟ್ಟಿ ಏನಾಗುತ್ತವೆ ಎಂದು ಊಹಿಸಲಾಗದಿರುವಾಗ ಹುಟ್ಟಿಸುವುದು ನೈತಿಕವಲ್ಲ ಎಂಬುದು ಸಂಶೋಧಕರದೇ ನಿಲುವಾಗಿತ್ತು. ‘ಮನುಷ್ಯ ಬುದ್ಧಿಯ ಮಂಗ ತಯಾರು’ ಎಂಬ ಶೀರ್ಷಿಕೆಯ ಸುದ್ದಿ ಕಂಡರೆ, ಹೆಚ್ಚಾಗಿ ಅದರ ಹಿಂದೆ ಇರುವುದು ಇಷ್ಟೇ.

ಚಿಂಪಾಂಜಿ ಮಾತನಾಡಬಲ್ಲದೇ?

1940ರ ದಶಕದ ಕೊನೆಯಲ್ಲಿ ಅಮೆರಿಕದ ಒಂದು ದಂಪತಿ ವಿಕಿ ಎಂಬ ಚಿಂಪಾಂಜಿ ಮರಿಯನ್ನು ಮನೆಯ ಮಗುವಿನಂತೆ ಬೆಳೆಸಿದರು. ವರ್ಷಗಟ್ಟಲೆ ತುಟಿ ಹಿಡಿದು ಕಲಿಸಿದರೂ ಅದಕ್ಕೆ ಬಂದದ್ದು ನಾಲ್ಕು ಪದ, ಅವೂ ಪಿಸುದನಿಯಲ್ಲಿ. ಗಂಟಲಿನ ರಚನೆಯೇ ಅಡ್ಡಿ ಎಂದು ಬಹುಕಾಲ ನಂಬಲಾಗಿತ್ತು. 2016ರಲ್ಲಿ ಸಂಶೋಧಕರು ಮಕಾಕ್ ಕೋತಿಯ ಗಂಟಲನ್ನು ಎಕ್ಸ್‌ರೇ ವಿಡಿಯೊದಲ್ಲಿ ಸೆರೆಹಿಡಿದು ಲೆಕ್ಕಹಾಕಿದಾಗ ಬೇರೆ ಚಿತ್ರ ಸಿಕ್ಕಿತು: ಅರ್ಥವಾಗುವಂಥ ಮಾತಿಗೆ ಬೇಕಾದಷ್ಟು ಸ್ವರಗಳನ್ನು ಹೊರಡಿಸಲು ಆ ಗಂಟಲು ಸಾಕು. ಇಲ್ಲದಿರುವುದು ಅದನ್ನು ಆಡಿಸುವ ಮಿದುಳು. ನಮ್ಮಲ್ಲಿ ಮಿದುಳಿನಿಂದ ಧ್ವನಿಪೆಟ್ಟಿಗೆಯ ಸ್ನಾಯುಗಳಿಗೆ ನೇರ ನರಸಂಪರ್ಕ ಬಲವಾಗಿದೆ. ಅದರಿಂದಲೇ ಬೇಕೆಂದಾಗ, ಬೇಕಾದ ಸದ್ದನ್ನು ಹೊರಡಿಸುತ್ತೇವೆ.

ಬಾಯಿಮಾತು ಬೇಡ, ಕೈಸನ್ನೆ ಕಲಿಸೋಣ ಎಂದು 1960ರ ದಶಕದಲ್ಲಿ ಪ್ರಯೋಗಗಳು ಶುರುವಾದವು. ವಾಶೋ ಎಂಬ ಚಿಂಪಾಂಜಿ ನೂರಕ್ಕೂ ಹೆಚ್ಚು ಸನ್ನೆಗಳನ್ನು ಕಲಿಯಿತು. 1970ರ ದಶಕದಲ್ಲಿ ನಿಮ್ ಎಂಬ ಇನ್ನೊಂದು ಚಿಂಪಾಂಜಿಗೆ ಕಲಿಸಿದ ಹರ್ಬರ್ಟ್ ಟೆರೇಸ್ ಎಲ್ಲ ದಾಖಲೆಗಳನ್ನೂ ಮತ್ತೆ ಪರಿಶೀಲಿಸಿ, 1979ರಲ್ಲಿ ನಿರಾಶೆಯ ತೀರ್ಮಾನಕ್ಕೆ ಬಂದರು: ನಿಮ್ ಹೆಚ್ಚಾಗಿ ಕಲಿಸುವವರ ಸನ್ನೆಗಳನ್ನೇ ತಿರುಗಿ ಮಾಡುತ್ತಿತ್ತು, ತಿಂಡಿಗಾಗಿ ಅದೇ ಪದಗಳನ್ನು ಜೋಡಿಸುತ್ತಿತ್ತು, ವಾಕ್ಯ ಕಟ್ಟುತ್ತಿರಲಿಲ್ಲ. ಕಾಂಜಿ ಎಂಬ ಬೊನೊಬೊ ಇನ್ನಷ್ಟು ಮುಂದೆ ಹೋಯಿತು. ಚಿತ್ರಸಂಕೇತಗಳ ಫಲಕ ಬಳಸಲು ಕಲಿತದ್ದಲ್ಲದೆ, ಮೊದಲೆಂದೂ ಕೇಳದ ನೂರಾರು ಇಂಗ್ಲಿಷ್ ವಾಕ್ಯಗಳಲ್ಲಿ ಸುಮಾರು ಶೇ. 70ಕ್ಕೆ ಸರಿಯಾಗಿ ಪ್ರತಿಕ್ರಿಯಿಸಿತು. ಕೇಳಿ ಅರ್ಥಮಾಡಿಕೊಳ್ಳುವುದು ಒಂದು, ಮಾತು ಕಟ್ಟಿ ಆಡುವುದು ಇನ್ನೊಂದು ಎಂಬುದು ಇದರಿಂದ ಸ್ಪಷ್ಟವಾಯಿತು.

ಇಲ್ಲೂ ಒಂದು ಪ್ರಸಿದ್ಧ ವಿಡಿಯೊ ಇದೆ. ಕೋಕೊ ಎಂಬ ಗೊರಿಲ್ಲಾ ಕೈಸನ್ನೆಯಲ್ಲಿ ‘ಮನುಷ್ಯರೇ, ಭೂಮಿಯನ್ನು ಉಳಿಸಿ’ ಎಂಬಂಥ ಸಂದೇಶ ನೀಡುವ ವಿಡಿಯೊ ಅದು. ಕೋಕೊ ನಿಜವಾದ ಗೊರಿಲ್ಲಾ, ಸನ್ನೆ ಕಲಿತದ್ದೂ ನಿಜ. ಆದರೆ ಅದು 2015ರ ಪ್ಯಾರಿಸ್ ಹವಾಮಾನ ಸಮ್ಮೇಳನಕ್ಕಾಗಿ ಮೊದಲೇ ಬರೆದ ಸಂದೇಶವನ್ನಿಟ್ಟುಕೊಂಡು, ಬೇರೆ ಬೇರೆ ತುಣುಕುಗಳನ್ನು ಜೋಡಿಸಿ ತಯಾರಿಸಿದ ಪ್ರಚಾರ ಚಿತ್ರ. ಹವಾಮಾನ ಬದಲಾವಣೆ ನಿಜವಾದ ಸಮಸ್ಯೆ. ಹಾಗೆಂದು ಗೊರಿಲ್ಲಾ ಅದರ ಬಗ್ಗೆ ಯೋಚಿಸಿ ಎಚ್ಚರಿಸಿತು ಎನ್ನುವುದು ನಿಜವಾಗುವುದಿಲ್ಲ.

ಸಿನಿಮಾ ಸರಿಯಾಗಿ ತೋರಿಸಿದ್ದು ಏನು?

ಬಹಳಷ್ಟಿದೆ. ‘ಡಾನ್’ನಲ್ಲಿ ವಾನರಗಳು ಹೆಚ್ಚಾಗಿ ಸನ್ನೆಗಳಲ್ಲೇ ಮಾತನಾಡುತ್ತವೆ. ಉಗಾಂಡದ ಕಾಡಿನ ಚಿಂಪಾಂಜಿಗಳು, ಯಾರೂ ಕಲಿಸದೆಯೇ, 60ಕ್ಕೂ ಹೆಚ್ಚು ಬಗೆಯ ಸನ್ನೆಗಳನ್ನು ಬಳಸುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ‘ಬಾ’, ‘ನನ್ನ ಬೆನ್ನು ಕೆರೆ’, ‘ಆಚೆ ಹೋಗು’ ಎಂಬಂಥ ಅರ್ಥಗಳು ಅವಕ್ಕಿವೆ.

ಉಪಕರಣಗಳ ಬಳಕೆಯೂ ನಿಜ. ಚಿಂಪಾಂಜಿ ಕಡ್ಡಿಯನ್ನು ಸರಿಮಾಡಿಕೊಂಡು ಹುತ್ತದಿಂದ ಗೆದ್ದಲು ಹಿಡಿಯುವುದನ್ನು 1960ರಲ್ಲಿ ಟಾಂಜಾನಿಯದ ಗೊಂಬೆ ಕಾಡಿನಲ್ಲಿ ಜೇನ್ ಗುಡಾಲ್ ಕಂಡರು. ಉಪಕರಣ ಮಾಡುವುದು ಮನುಷ್ಯ ಮಾತ್ರ ಎಂಬ ನಂಬಿಕೆ ಅಲ್ಲಿಗೆ ಕುಸಿಯಿತು. ಸೆನೆಗಲ್ ದೇಶದ ಫೊಂಗೊಲಿಯಲ್ಲಿ ಚಿಂಪಾಂಜಿಗಳು ಕೋಲಿನ ತುದಿಯನ್ನು ಹಲ್ಲಿನಿಂದ ಚೂಪು ಮಾಡಿ, ಮರದ ಪೊಟರೆಯೊಳಗಿನ ಪುಟ್ಟ ಪ್ರಾಣಿಗಳನ್ನು ಚುಚ್ಚುತ್ತವೆ. ಜಪಾನಿನಲ್ಲಿ ಆಯುಮು ಎಂಬ ಚಿಂಪಾಂಜಿ, ಪರದೆಯ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುವ ಅಂಕಿಗಳ ಜಾಗವನ್ನು ನೆನಪಿಟ್ಟು ಕ್ರಮವಾಗಿ ಮುಟ್ಟುವುದರಲ್ಲಿ ಕಾಲೇಜು ವಿದ್ಯಾರ್ಥಿಗಳನ್ನೇ ಹಿಂದೆ ಹಾಕಿತು.

ಯುದ್ಧವೂ ನಿಜ. ‘ವಾನರ ವಾನರನನ್ನು ಕೊಲ್ಲಬಾರದು’ ಎಂಬುದು ಸೀಸರ್‌ನ ಕಾನೂನು. ಗೊಂಬೆಯಲ್ಲಿ 1974ರಿಂದ 1978ರವರೆಗೆ, ಹಿಂದೆ ಒಂದೇ ಗುಂಪಾಗಿದ್ದು ಒಡೆದ ಚಿಂಪಾಂಜಿಗಳಲ್ಲಿ ಒಂದು ಬಣದವು ಇನ್ನೊಂದು ಬಣದ ಗಂಡುಗಳನ್ನು ಒಂದೊಂದಾಗಿ ಕೊಂದುಹಾಕಿದವು. ತಮಾಷೆಯೆಂದರೆ, ಸಿನಿಮಾದಲ್ಲಿ ಅತಿ ಕ್ರೂರಿಯಾದ ಕೋಬಾ ಬೊನೊಬೊ ಜಾತಿಗೆ ಸೇರಿದವನು. ನಿಜ ಜೀವನದಲ್ಲಿ ಚಿಂಪಾಂಜಿಗಳಂತೆ ಗಡಿ ದಾಟಿ ಹೋಗಿ ಕೊಲ್ಲುವ ಅಭ್ಯಾಸ ಬೊನೊಬೊಗಳಲ್ಲಿ ಕಂಡುಬಂದಿಲ್ಲ. ಎರಡು ಗುಂಪುಗಳು ಎದುರಾದರೆ ಒಟ್ಟಿಗೆ ಕೂತು ಹಣ್ಣು ತಿನ್ನುವುದೂ ಉಂಟು.

ಕಾಯಿಲೆ ಯಾರಿಂದ ಯಾರಿಗೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ಸಿನಿಮಾದಲ್ಲಿ ಜನ ಆ ಮಹಾಮಾರಿಯನ್ನು ‘ಸಿಮಿಯನ್ ಫ್ಲೂ’, ಅಂದರೆ ವಾನರ ಜ್ವರ, ಎಂದು ಕರೆಯುತ್ತಾರೆ. ಆ ಹೆಸರಿನಿಂದಲೇ ವಾನರಗಳ ಮೇಲೆ ಅವರ ದ್ವೇಷ ಕುದಿಯುತ್ತದೆ. ವೈರಸ್ ತಯಾರಿಸಿದ್ದು ಮನುಷ್ಯರೇ, ಪ್ರಯೋಗಾಲಯದಲ್ಲಿ, ಎಂದು ಒಂದು ಪಾತ್ರ ನೆನಪಿಸಿದರೂ ಸಿಟ್ಟಾದವರು ಕೇಳುವುದಿಲ್ಲ.

ಇದು ಸಿನಿಮಾದಲ್ಲಷ್ಟೇ ಆಗುವುದಲ್ಲ. ‘ಮಂಕಿಪಾಕ್ಸ್’ ಎಂಬ ಹೆಸರು ಬಂದದ್ದು 1958ರಲ್ಲಿ ಡೆನ್ಮಾರ್ಕಿನ ಪ್ರಯೋಗಾಲಯವೊಂದರ ಕೋತಿಗಳಲ್ಲಿ ಅದು ಮೊದಲು ಕಂಡದ್ದರಿಂದ. 2022ರಲ್ಲಿ ಅದು ಹಲವು ದೇಶಗಳಿಗೆ ಹರಡಿದಾಗ ಹರಡುತ್ತಿದ್ದುದು ಮನುಷ್ಯರಿಂದ ಮನುಷ್ಯರಿಗೆ. ಆದರೂ ಬ್ರೆಜಿಲ್‌ನಲ್ಲಿ ಜನ ಮಂಗಗಳಿಗೆ ಕಲ್ಲು ಹೊಡೆದರು, ವಿಷ ಹಾಕಿದರು. ಮಂಗಗಳ ಮೇಲೆ ದಾಳಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ಕಾಯಿಲೆಗೆ ‘ಎಂಪಾಕ್ಸ್’ ಎಂಬ ಹೊಸ ಹೆಸರನ್ನೂ ಇಟ್ಟಿತು.

ಪ್ರಾಣಿಗಳಿಂದ ಮನುಷ್ಯರಿಗೆ ವೈರಸ್ ದಾಟುವುದು ನಿಜ. ಏಡ್ಸ್ ತರುವ ಎಚ್‌ಐವಿಯ ಪ್ರಮುಖ ಬಗೆ ಮಧ್ಯ ಆಫ್ರಿಕದ ಚಿಂಪಾಂಜಿಗಳಲ್ಲಿದ್ದ ವೈರಸ್‌ನಿಂದ ಬಂದದ್ದು. ಬೇಟೆಯಾಡಿದ ಪ್ರಾಣಿಯ ರಕ್ತದ ಸಂಪರ್ಕದಿಂದ ಅದು ದಾಟಿರಬೇಕು ಎಂಬುದು ವಿಜ್ಞಾನಿಗಳ ವಿವರಣೆ. ಆದರೆ ರಸ್ತೆ ಎರಡೂ ಕಡೆಗಿದೆ. 2013ರಲ್ಲಿ ಉಗಾಂಡದ ಕಿಬಾಲೆ ಕಾಡಿನ 56 ಚಿಂಪಾಂಜಿಗಳ ಒಂದು ಗುಂಪಿನಲ್ಲಿ ಐದು ಉಸಿರಾಟದ ಕಾಯಿಲೆಯಿಂದ ಸತ್ತವು. ಕಾರಣ, ನಮಗೆ ನೆಗಡಿ ತರುವ ಮನುಷ್ಯರ ಒಂದು ವೈರಸ್. ಅದಕ್ಕಾಗಿಯೇ ಇಂಥ ಕಾಡುಗಳಲ್ಲಿ ಪ್ರವಾಸಿಗರು ಪ್ರಾಣಿಗಳಿಂದ ದೂರ ನಿಲ್ಲಬೇಕು, ನೆಗಡಿಯಾದವರು ಹೋಗಲೇಬಾರದು ಎಂಬ ನಿಯಮವಿದೆ.

ನಮ್ಮ ‘ಮಂಗನ ಕಾಯಿಲೆ’ಯ ತಪ್ಪು ಮಂಗನದಲ್ಲ

ಹೆಸರಿನಿಂದ ದಾರಿ ತಪ್ಪುವ ಅಪಾಯ ನಮ್ಮಲ್ಲೇ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಕ್ಯಾಸನೂರು ಅರಣ್ಯ ಕಾಯಿಲೆಯನ್ನು ಎಲ್ಲರೂ ಕರೆಯುವುದು ‘ಮಂಗನ ಕಾಯಿಲೆ’ ಎಂದೇ. ಕಾಡಿನಲ್ಲಿ ಕೋತಿ, ಮುಸುವಗಳು ಸತ್ತು ಬೀಳತೊಡಗಿದ್ದು, ಅದೇ ಹೊತ್ತಿಗೆ ಜನರಿಗೆ ಜ್ವರ ಬಂದದ್ದು ಈ ಹೆಸರಿಗೆ ಕಾರಣ.

ಆದರೆ ಇದನ್ನು ನಮಗೆ ಅಂಟಿಸುವುದು ಮಂಗವಲ್ಲ, ಉಣುಗು. ವೈರಸ್ ಇರುವ ಉಣುಗು ಕಚ್ಚಿದಾಗ ಮನುಷ್ಯನಿಗೂ ಕಾಯಿಲೆ ಬರುತ್ತದೆ, ಮಂಗನಿಗೂ ಬರುತ್ತದೆ. ಮಂಗ ನಮ್ಮಂತೆಯೇ ಒಬ್ಬ ರೋಗಿ. ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳಲ್ಲಿ ವೈರಸ್ ಉಳಿದುಕೊಂಡಿರುತ್ತದೆ. ದನಕರುಗಳ ಮೈಮೇಲೆ ಬೆಳೆದ ಉಣುಗುಗಳು ಕಾಡಿನ ತುಂಬ ಹರಡುತ್ತವೆ. ಕಾಯಿಲೆ ಬಂದ ಮನುಷ್ಯರಿಂದ ಇನ್ನೊಬ್ಬರಿಗೆ ಹರಡಿದ್ದು ಕಂಡುಬಂದಿಲ್ಲ. ಹಾಗಾಗಿ ರೋಗಿಯನ್ನು, ಅವರ ಮನೆಯವರನ್ನು ದೂರ ಇಡಬೇಕಾಗಿಲ್ಲ.

ಮಂಗಗಳನ್ನು ಕೊಂದರೆ ಕಾಯಿಲೆ ನಿಲ್ಲುವುದಿಲ್ಲ. ಸತ್ತ ಮಂಗನ ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ತರಗೆಲೆಗಳಲ್ಲಿ ಹೊಸ ಮೈಗಾಗಿ ಕಾಯುತ್ತವೆ. ಅದಕ್ಕಿಂತ ಮುಖ್ಯವಾಗಿ, ಮಂಗದ ಸಾವು ಆರೋಗ್ಯ ಇಲಾಖೆಗೆ ಸಿಗುವ ಮೊದಲ ಎಚ್ಚರಿಕೆ. ಈ ಕಾಡಿನಲ್ಲಿ ವೈರಸ್ ಓಡಾಡುತ್ತಿದೆ ಎಂದು ಅದು ಹೇಳುತ್ತದೆ.

ನವೆಂಬರ್, ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಲೆನಾಡು, ಕರಾವಳಿಯ ಕಾಡಂಚಿನವರು ನೆನಪಿಡಬೇಕಾದದ್ದು:

• ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರ ಹೋಗಬೇಡಿ. ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಪಶು ಆಸ್ಪತ್ರೆ ಅಥವಾ ಅರಣ್ಯ ಇಲಾಖೆಯವರಿಗೆ ತಕ್ಷಣ ತಿಳಿಸಿ.

• ದರಗು, ಸೌದೆ ತರಲು ಅಥವಾ ದನ ಮೇಯಿಸಲು ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಡಿ. ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಹಚ್ಚಿಕೊಳ್ಳಿ.

• ಬಂದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ. ಮೈಮೇಲೆ ಉಣುಗು ಇದೆಯೇ ನೋಡಿಕೊಳ್ಳಿ. ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ.

• ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಬೇಗ ಆಸ್ಪತ್ರೆ ಸೇರಿದರೆ ಬದುಕುವ ಸಾಧ್ಯತೆ ಹೆಚ್ಚು.

ಫಾರ್ವರ್ಡ್ ಮಾಡುವ ಮುನ್ನ

ಈಗ ಎಐ ಬಳಸಿ ಮಾತನಾಡುವ ಮಂಗ, ಸ್ಕೂಟರ್ ಓಡಿಸುವ ಗೊರಿಲ್ಲಾ ವಿಡಿಯೊ ಮಾಡುವುದು ನಿಮಿಷಗಳ ಕೆಲಸ. 2011ರಲ್ಲಿ ಒಂದು ಸಿನಿಮಾ ಕಂಪನಿ ಬೇಕಾಗಿದ್ದ ಕೆಲಸಕ್ಕೆ ಇಂದು ಒಂದು ಫೋನ್ ಸಾಕು. ಇಂಥ ವಿಡಿಯೊ ಬಂದರೆ ಮೊದಲ ಮತ್ತು ಕೊನೆಯ ಕ್ಷಣಗಳಲ್ಲಿ ನಿಲ್ಲಿಸಿ, ಮೂಲೆಯಲ್ಲಿ ಯಾವುದಾದರೂ ಹೆಸರೋ ಗುರುತೋ ಇದೆಯೇ ನೋಡಿ. ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ, ಹಳೆಯ ವಿಡಿಯೊ ಆದರೆ ಮೂಲ ಸಿಗುವ ಸಾಧ್ಯತೆ ಹೆಚ್ಚು. ಎಲ್ಲಿ, ಯಾವಾಗ ಎಂಬುದು ಸಂದೇಶದಲ್ಲಿ ಇಲ್ಲದಿದ್ದರೆ ಕಳಿಸಿದವರನ್ನೇ ಕೇಳಿ.

ಬಂದೂಕು ಹಿಡಿದ ಚಿಂಪಾಂಜಿಯ ವಿಡಿಯೊ ನೋಡಿ ನಕ್ಕು ಬಿಟ್ಟರೆ ನಷ್ಟವೇನಿಲ್ಲ. ಆದರೆ ‘ಮಂಗಗಳಿಂದಲೇ ಕಾಯಿಲೆ, ಊರಿನಿಂದ ಓಡಿಸಿ, ಕೊಲ್ಲಿ’ ಎಂಬ ಸಂದೇಶ ಕಾಡಂಚಿನ ಊರಿನ ಗುಂಪಿಗೆ ಬಂದರೆ ಅದರಿಂದ ಸಾಯುವುದು ಮಂಗ ಮಾತ್ರವಲ್ಲ. ಕೊಲ್ಲಲು, ಸತ್ತದ್ದನ್ನು ಎತ್ತಿಹಾಕಲು ಹೋದವನ ಮೈಮೇಲೂ ಉಣುಗು ಹತ್ತುತ್ತದೆ. ಮಲೆನಾಡಿನಲ್ಲಿ ನಿಮ್ಮ ನೆಂಟರಿದ್ದರೆ ಮೇಲಿನ ನಾಲ್ಕು ಸಾಲುಗಳನ್ನು ಅವರಿಗೆ ಕಳಿಸಿ.